ಎರಡು ವರ್ಷದ ಮಗು ಕೈ ಕಟ್ಟಿ ಕೂರುವುದಿಲ್ಲ, ಕೂರಬೇಕಾಗಿಯೂ ಇಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು: ಗ್ರಂಥಾಲಯದಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಕಥೆ ಹೇಳುವುದು ಹೇಗೆ? ಕರಾವಳಿ ಮತ್ತು ಘಟ್ಟದ ಮೇಲಿನ ಐವರ ಪತ್ರ ಆರಿಸಿಕೊಂಡಿದ್ದೇನೆ. ಉದ್ದವಿದ್ದವನ್ನು ಸ್ವಲ್ಪ ಕಿರಿದು ಮಾಡಿದ್ದೇನೆ.

ಪ್ರಶ್ನೆ: ನಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಊರಿನ ಗ್ರಂಥಾಲಯದಲ್ಲಿ, ಶನಿವಾರ ಪುಟ್ಟ ಮಕ್ಕಳಿಗೆ ಅರ್ಧ ಗಂಟೆ ಕಥೆ ಹೇಳಲು ಶುರು ಮಾಡಿದ್ದೇನೆ. ನಾಲ್ಕು ವರ್ಷದವರು ಹೇಗೋ ಕೂರುತ್ತಾರೆ. ಎರಡು ವರ್ಷದವು ಎದ್ದು ಓಡುತ್ತವೆ, ಕಪಾಟಿನ ಪುಸ್ತಕ ಎಳೆಯುತ್ತವೆ. ಅಮ್ಮಂದಿರು ಹಿಂದೆ ಕೂತು ಗದರುತ್ತಾರೆ. ಮುಗಿಯುವಷ್ಟರಲ್ಲಿ ನನ್ನ ಗಂಟಲು ಕಟ್ಟಿರುತ್ತದೆ. ಆರು ವರ್ಷದ ಕೆಳಗಿನವರಿಗೆ ಸದಸ್ಯತ್ವವೂ ಇಲ್ಲ. ನಿಲ್ಲಿಸಿಬಿಡಲೇ, ಅಕ್ಕೋರೇ?
– ಗ್ರಂಥಾಲಯ ಮೇಲ್ವಿಚಾರಕಿ, ಹೊನ್ನಾವರ ತಾಲೂಕು

ಉತ್ತರ: ನಿಲ್ಲಿಸಬೇಡಿ. ಆದರೆ ಆ ಅರ್ಧ ಗಂಟೆಗೆ ಮೊದಲು ಕತ್ತರಿ ಹಾಕಿ. ಎರಡು ವರ್ಷದ ಮಗುವಿಗೆ ಹತ್ತು ಹದಿನೈದು ನಿಮಿಷ ಸಾಕು. ಮೂರರಿಂದ ಐದು ವರ್ಷದವರು ಇಪ್ಪತ್ತು ಇಪ್ಪತ್ತೈದು ನಿಮಿಷ ತಡೆಯುತ್ತಾರೆ. ಸಾಧ್ಯವಿದ್ದರೆ ಎರಡು ಗುಂಪು ಮಾಡಿ. ಆಗದಿದ್ದರೆ ಚಿಕ್ಕವರ ಪಾಲನ್ನು ಮೊದಲು ಮುಗಿಸಿ. ಆಮೇಲೆ ಅವರಿಗೆ ಮೂಲೆಯಲ್ಲಿ ಚಾಪೆ ಹಾಸಿ, ರಟ್ಟಿನ ಪುಸ್ತಕ, ಖಾಲಿ ಡಬ್ಬಿ, ಬಟ್ಟೆಗೊಂಬೆ ಕೊಟ್ಟುಬಿಡಿ. ದೊಡ್ಡವರ ಕಥೆ ಮುಂದುವರಿಯಲಿ. ಬೆಳಿಗ್ಗೆ ಹತ್ತೂವರೆ ಒಳ್ಳೆಯ ಹೊತ್ತು. ಹನ್ನೆರಡರ ಹತ್ತಿರ ಹೋದರೆ ಹಸಿವು, ನಿದ್ದೆ ಎರಡೂ ಸೇರಿಕೊಂಡು ಯಾರ ಕಥೆಯೂ ನಡೆಯುವುದಿಲ್ಲ.

ಇನ್ನು ಓಡಾಟ. ಅದು ಆ ವಯಸ್ಸಿನ ಸ್ವಭಾವ. ಕಿಟಕಿ ಹತ್ತಿರ ಬೆನ್ನು ತಿರುಗಿಸಿ ನಿಂತ ಮಗುವೂ ಕೇಳಿಸಿಕೊಳ್ಳುತ್ತಿರುತ್ತದೆ. ಸಂಜೆ ಮನೆಯಲ್ಲಿ ಅದೇ ಮಗು ನಿಮ್ಮ ಸಾಲನ್ನು ಒಪ್ಪಿಸುತ್ತದೆ. ಹಾಗಾಗಿ ಮಗುವನ್ನು ತಿದ್ದುವ ಬದಲು ಕೋಣೆಯನ್ನು ತಿದ್ದಿ. ಕೆಳಗಿನ ಎರಡು ಅಂಕಣದ ಪುಸ್ತಕ ಮೇಲಕ್ಕೆ ಎತ್ತಿಡಿ, ಅಥವಾ ಕಪಾಟಿಗೆ ಹಳೆ ಬೆಡ್‌ಶೀಟು ಇಳಿಬಿಡಿ. ಬಾಗಿಲಿಗೆ ಅಡ್ಡ ಬೆಂಚು ಇಡಿ. ಕಿಟಕಿಗೆ ಬೆನ್ನು ಹಾಕಿ ನೀವು ಕೂರಬೇಡಿ. ಬೆಳಕು ಹಿಂದಿನಿಂದ ಬಂದರೆ ಮಕ್ಕಳಿಗೆ ನಿಮ್ಮ ಮುಖವೂ ಕಾಣುವುದಿಲ್ಲ, ಚಿತ್ರವೂ ಕಾಣುವುದಿಲ್ಲ. ಪುಸ್ತಕವನ್ನು ನಿಮ್ಮ ಪಕ್ಕಕ್ಕೆ, ಮಕ್ಕಳ ಕಣ್ಣಿನ ಮಟ್ಟಕ್ಕೆ ಹಿಡಿದು, ನೀವು ಓರೆಯಿಂದ ಓದಿ. ಇದಕ್ಕೆ ಸ್ವಲ್ಪ ಅಭ್ಯಾಸ ಬೇಕು, ಮನೆಯಲ್ಲಿ ಕನ್ನಡಿ ಮುಂದೆ ಮಾಡಿ ನೋಡಿ.

ಪ್ರತಿ ವಾರ ಒಂದೇ ಹಾಡಿನಿಂದ ಶುರು ಮಾಡಿ, ಒಂದೇ ಹಾಡಿನಿಂದ ಮುಗಿಸಿ. ಹಾಡು ದೊಡ್ಡದೇನೂ ಆಗಬೇಕಿಲ್ಲ. 'ಬಂದ್ರು ಬಂದ್ರು, ಯಾರು ಬಂದ್ರು?' ಎಂದು ಚಪ್ಪಾಳೆ ತಟ್ಟಿ ಒಬ್ಬೊಬ್ಬರ ಹೆಸರು ಹೇಳಿದರೂ ಆಯಿತು. ನಡುವೆ ಒಂದು ಪುಸ್ತಕ, ಒಂದು ಬೆರಳಾಟ, ಎದ್ದು ಕುಣಿಯುವ ಒಂದು ಹಾಡು, ಮತ್ತೆ ಒಂದು ಪುಸ್ತಕ. ಆ ಎರಡನೆಯದು ಹೋದ ವಾರದ್ದೇ ಇರಲಿ. ಅದೇ ಪುಸ್ತಕ ಮತ್ತೆ ಮತ್ತೆ ಓದಿದರೆ ಮಕ್ಕಳಿಗೆ ಬೇಸರ ಬರುವುದಿಲ್ಲ, ನಮಗೆ ಬರುತ್ತದೆ! ಮುಂದಿನ ಪುಟದಲ್ಲಿ ಏನಿದೆ ಎಂದು ಗೊತ್ತಿರುವುದೇ ಅವರಿಗೆ ಖುಷಿ.

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆಯಾಗಿದ್ದು ಬೇರೆ ಮಾತು. 'ಅಮ್ಮಂದಿರು ಹಿಂದೆ ಕೂತು' ಎಂದು ಬರೆದಿದ್ದೀರಿ. ಅವರು ಹಿಂದೆ ಯಾಕೆ ಕೂತಿದ್ದಾರೆ? ಮೂರು ವರ್ಷದ ಕೆಳಗಿನ ಮಗು ಅಮ್ಮನ, ಅಪ್ಪನ ಅಥವಾ ಅಜ್ಜಿಯ ಮಡಿಲಲ್ಲೇ ಇರಬೇಕು. ವಾರಕ್ಕೆ ಹದಿನೈದು ನಿಮಿಷ ನಿಮ್ಮ ಕಥೆ ಕೇಳಿದ ಮಾತ್ರಕ್ಕೆ ಮಗುವಿನ ಮಾತು ಬೆಳೆಯುವುದಿಲ್ಲ. ನೀವು ಮಾಡಿದ್ದನ್ನು ನೋಡಿ ಅವರು ಮನೆಯಲ್ಲಿ ಮಾಡಿದರೆ ಬೆಳೆಯುತ್ತದೆ. ನನ್ನ ಲೆಕ್ಕದಲ್ಲಿ ಕಥೆ ಸಮಯದ ನಿಜವಾದ ವಿದ್ಯಾರ್ಥಿಗಳು ಅವರೇ.

ಅಮೆರಿಕದ ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು 1988ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಅವರು ಹೆತ್ತವರಿಗೆ ಓದುವ ರೀತಿ ಬದಲಿಸಲು ಕಲಿಸಿದರು: ಸುಮ್ನೆ ಓದಿಕೊಂಡು ಹೋಗಬೇಡಿ, ಪ್ರಶ್ನೆ ಕೇಳಿ, ಕಾಯಿರಿ, ಮಗು ಹೇಳಿದ್ದನ್ನು ಸ್ವಲ್ಪ ಬೆಳೆಸಿ ವಾಪಸ್ ಹೇಳಿ. ಒಂದೇ ತಿಂಗಳಲ್ಲಿ ಆ ಮಕ್ಕಳು ಮಾತಿನಲ್ಲಿ ಉಳಿದವರಿಗಿಂತ ಮುಂದೆ ಹೋಗಿದ್ದರು. ನೀವೂ ಪುಟ ತೋರಿಸಿ 'ಇದೇನು?' ಎಂದು ಕೇಳಿ. ಮನಸ್ಸಿನಲ್ಲೇ ಐದು ಎಣಿಸಿ. ಆ ಐದು ಎಣಿಸುವುದೇ ಕಷ್ಟ, ದೊಡ್ಡವರು ಎರಡಕ್ಕೇ ಉತ್ತರ ಹೇಳಿಬಿಡುತ್ತಾರೆ. ಮಗು 'ದೋಣಿ' ಅಂದರೆ, 'ಹೌದು, ದೊಡ್ಡ ದೋಣಿ. ದೋಣಿ ತುಂಬ ಮೀನು' ಎನ್ನಿ. ಅಮ್ಮಂದಿರಿಗೆ ಪಾಠ ಮಾಡಲು ಹೋಗಬೇಡಿ, ಅವರಿಗೆ ಇಷ್ಟವಾಗುವುದಿಲ್ಲ. ಶುರುವಿನಲ್ಲಿ ಇಷ್ಟು ಹೇಳಿ: 'ಮಗು ಓಡಿದರೆ ಓಡಲಿ. ಅತ್ತರೆ ಹೊರಗೆ ಹೋಗಿ ಬನ್ನಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಆದರೆ ಹಾಡು ಮಾತ್ರ ನೀವೂ ಹಾಡಬೇಕು.'

ಸದಸ್ಯತ್ವದ ವಿಷಯ. 2020ರ ನವೆಂಬರ್ 14ರಂದು ಪಂಚಾಯಿತಿ ಗ್ರಂಥಾಲಯಗಳಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಉಚಿತ ಸದಸ್ಯತ್ವ ಇರುವುದು 6ರಿಂದ 18 ವರ್ಷದವರಿಗೆ. ಪುಟ್ಟವರ ಪುಸ್ತಕವನ್ನು ಅಮ್ಮನ ಅಥವಾ ಅಕ್ಕ, ಅಣ್ಣನ ಹೆಸರಿನಲ್ಲಿ ಬರೆದುಕೊಡಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಒಂದು ಮಾತು ತಿಳಿಸಿರಿ. ಪುಸ್ತಕ ಮನೆಗೆ ಹೋಗುವುದು ಮುಖ್ಯ.

ಪ್ರಶ್ನೆ: ನಾನು ನಿವೃತ್ತ ಮಾಸ್ತರ. ಕಾರವಾರದಲ್ಲಿ ಪುಟ್ಟ ಮಕ್ಕಳಿಗೆ ಕಥೆ ಹೇಳುತ್ತೇನೆ. ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಮಾತು ಕೊಂಕಣಿ. ನೌಕಾನೆಲೆ ಮತ್ತು ಕೈಗಾ ಅಣುವಿದ್ಯುತ್ ಸ್ಥಾವರದ ಕೆಲಸಕ್ಕೆ ಬಂದವರ ಮಕ್ಕಳು ಹಿಂದಿ ಮಾತಾಡುತ್ತವೆ. ಕೆಲವು ಪಾಲಕರು ಇಂಗ್ಲಿಷ್‌ನಲ್ಲೇ ಹೇಳಿ ಅನ್ನುತ್ತಾರೆ. ಯಾವ ಭಾಷೆಯಲ್ಲಿ ಹೇಳಲಿ?

ಉತ್ತರ: ಮಾಸ್ತರೇ, ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಹೇಳಿ. ತಡವರಿಸುತ್ತಾ ಹೇಳಿದ ಇಂಗ್ಲಿಷ್ ಕಥೆಗಿಂತ ಮನಸಾರೆ ಹೇಳಿದ ಕನ್ನಡ ಕಥೆ ಮೇಲು. ಆದರೆ ಒಂದೊಂದು ಸಾಲಿಗೂ ನಿಂತು ಅನುವಾದ ಮಾಡಬೇಡಿ. ಕಥೆಯ ಲಯ ಸತ್ತುಹೋಗುತ್ತದೆ. ಎರಡೂ ಕಡೆಯ ಮಕ್ಕಳು ತಮ್ಮ ಸರದಿ ಬರುವವರೆಗೆ ಕಿವಿ ಮುಚ್ಚಿಕೊಂಡು ಕೂರುವುದನ್ನು ಕಲಿಯುತ್ತಾರೆ.

ಬದಲಿಗೆ ಹೀಗೆ ಮಾಡಿ. ಈ ವಾರ ಪೂರ್ತಿ ಕನ್ನಡದಲ್ಲಿ ಹೇಳಿ. ಮುಂದಿನ ವಾರ ಅದೇ ಪುಸ್ತಕವನ್ನು ಕೊಂಕಣಿ ಬಲ್ಲ ಒಬ್ಬ ಅಮ್ಮ ಅಥವಾ ಅಜ್ಜಿ ಹೇಳಲಿ. ನೀವು ಮಕ್ಕಳ ಜೊತೆ ಚಾಪೆ ಮೇಲೆ ಕೂತು ಕೇಳಿ. ಕಥೆ ಮೊದಲೇ ಗೊತ್ತಿರುವುದರಿಂದ ಹಿಂದಿಯ ಮಗುವಿಗೂ ದಾರಿ ತಪ್ಪುವುದಿಲ್ಲ. ಕಥೆಯಲ್ಲಿ ಪದೇ ಪದೇ ಬರುವ ಒಂದು ಸಾಲನ್ನು ಎಲ್ಲರೂ ಕೂಡಿ ಕೂಗುವಂತೆ ಇಟ್ಟುಕೊಳ್ಳಿ. ಮಾತೇ ಇಲ್ಲದ, ಬರೀ ಚಿತ್ರದ ಪುಸ್ತಕಗಳು ಸಿಗುತ್ತವೆ, ನಿಮ್ಮಂಥ ಊರಿಗೆ ಅವು ಬಹಳ ಅನುಕೂಲ. ಚಿತ್ರ ನೋಡಿ ಒಂದು ಮಗು 'ಮಾಜರ' ಅಂದಾಗ 'ಅಲ್ಲ, ಬೆಕ್ಕು' ಎಂದು ತಿದ್ದಬೇಡಿ. 'ಹೌದು, ಮಾಜರ. ಬೆಕ್ಕು ಎಲ್ಲಿ ಅಡಗಿದೆ ನೋಡು' ಅಂದರೆ ಎರಡೂ ಉಳಿಯುತ್ತವೆ. ಎರಡು ಮೂರು ಭಾಷೆ ಕೇಳಿ ಬೆಳೆದರೆ ಮಗುವಿಗೆ ಗೊಂದಲವಾಗುತ್ತದೆ ಎನ್ನುವುದು ಹಳೆಯ ಭಯ, ಅದಕ್ಕೆ ಆಧಾರವಿಲ್ಲ. ಕಾರವಾರದ ಮೀನುಪೇಟೆಯಲ್ಲಿ ಒಂದು ಗಂಟೆ ನಿಂತರೆ ನಿಮಗೇ ಗೊತ್ತಾಗುತ್ತದೆ.

ಇಂಗ್ಲಿಷ್ ಕೇಳುವ ಪಾಲಕರ ಮೇಲೆ ಸಿಟ್ಟು ಬೇಡ. ಅವರ ಆತಂಕ ನಿಜ. ಒಂದು ಇಂಗ್ಲಿಷ್ ಪ್ರಾಸದ ಹಾಡು ಸೇರಿಸಿ, ಆಯಿತು. ಮನೆಯಲ್ಲಿ ಮಾತ್ರ ನಿಮ್ಮ ಭಾಷೆಯಲ್ಲೇ ಕಥೆ ಹೇಳಿ ಎಂದು ಅವರಿಗೆ ಖಚಿತವಾಗಿ ಹೇಳಿ. ಒಂದು ಭಾಷೆಯಲ್ಲಿ ಕಥೆಯ ರುಚಿ ಹತ್ತಿದ ಮಗು ಇನ್ನೊಂದರಲ್ಲೂ ಅದನ್ನೇ ಹುಡುಕುತ್ತದೆ.

ಪ್ರಶ್ನೆ: ನಾನು ಹವ್ಯಾಸಿ ಯಕ್ಷಗಾನ ವೇಷಧಾರಿ. ಶಿರಸಿ ಹತ್ತಿರದ ನಮ್ಮೂರಿನ ಗ್ರಂಥಾಲಯದಲ್ಲಿ ಮೊಮ್ಮಗನ ಓರಗೆಯವರಿಗೆ ಪೂರ್ತಿ ವೇಷ ಕಟ್ಟಿಕೊಂಡು, ಚೆಂಡೆ ಜೊತೆ ಕಥೆ ಹೇಳುವ ಆಸೆ. ಕೊನೆಯಲ್ಲಿ ನೀತಿ ಹೇಗೆ ಹೇಳಿದರೆ ಮಕ್ಕಳಿಗೆ ನಾಟುತ್ತದೆ?

ಉತ್ತರ: ಉತ್ಸಾಹ ದೊಡ್ಡದು, ಆದರೆ ಒಂದು ಕ್ಷಣ ತಡೆಯಿರಿ. ಬಯಲಲ್ಲಿ ನಡುರಾತ್ರಿ ನಿದ್ದೆಗೆಡಿಸಲು ಇರುವ ಚೆಂಡೆಯನ್ನು ಸಣ್ಣ ಕೋಣೆಯಲ್ಲಿ ಎರಡು ವರ್ಷದ ಕಿವಿಗಳ ಪಕ್ಕ ಬಾರಿಸುವುದು ಬೇಡ. ಮದ್ದಳೆ ತನ್ನಿ, ಮೆಲ್ಲಗೆ ನುಡಿಸಿ. ತಾಳ, ಗೆಜ್ಜೆ ಇದ್ದರೆ ಇನ್ನೂ ಚೆನ್ನ. ಒಂದರಿಂದ ಮೂರು ವರ್ಷದ ಮಕ್ಕಳು ಬಣ್ಣ ಬಳಿದ ಮುಖಕ್ಕೆ ಬೆಚ್ಚುತ್ತಾರೆ. ಸ್ವಂತ ಅಜ್ಜನೇ ಆದರೂ ಬೆಚ್ಚುತ್ತಾರೆ. ರಾಕ್ಷಸ ಪಾತ್ರದ ಬಣ್ಣದ ವೇಷವಂತೂ ಬೇಡವೇ ಬೇಡ.

ನಾಲ್ಕು ವರ್ಷ ದಾಟಿದವರ ಗುಂಪಿಗೆ ಹೀಗೆ ಮಾಡಬಹುದು. ನಿಮ್ಮ ಮಾಮೂಲಿ ಮುಖದಲ್ಲೇ ಬಂದು ಕೂತುಕೊಳ್ಳಿ. ಕಿರೀಟವನ್ನು ಕೈಯಿಂದ ಕೈಗೆ ಕೊಡಿ, ಮುಟ್ಟಲಿ. ಗೆಜ್ಜೆಯನ್ನು ಅವರ ಎದುರೇ ಕಟ್ಟಿಕೊಳ್ಳಿ. ಆಮೇಲೆ ನಾಲ್ಕು ಹೆಜ್ಜೆ ಹಾಕಿ, ಅವರಿಂದಲೂ ಹಾಕಿಸಿ. ಪ್ರಸಂಗ ಇಡೀ ಬೇಡ, ಒಂದು ಮಂಗ, ಒಂದು ಹಾರಾಟ ಸಾಕು.

ನೀತಿಯೋ? ಹೇಳಬೇಡಿ. ನೀತಿ ಶುರುವಾದ ತಕ್ಷಣ ಕಥೆ ಮುಗಿಯಿತು ಎಂದು ಮಕ್ಕಳಿಗೆ ಗೊತ್ತಾಗಿ ಚಪ್ಪಲಿ ಹುಡುಕುತ್ತಾರೆ.

ಪ್ರಶ್ನೆ: ನಮ್ಮಲ್ಲಿ ಮಕ್ಕಳ ಪುಸ್ತಕಕ್ಕೆ ದುಡ್ಡಿಲ್ಲ. ಬದಲಿಗೆ ಒಂದು ಪ್ರೊಜೆಕ್ಟರ್ ದಾನ ಕೊಡಲು ಒಬ್ಬರು ತಯಾರಿದ್ದಾರೆ. ಕಾರ್ಟೂನ್ ಕಥೆ ಹಾಕಿದರೆ ಮಕ್ಕಳು ಅಲುಗಾಡದೆ ಕೂರುತ್ತವೆ. ಆಗಬಹುದಾ?
– ಯುವ ತಂದೆ, ಕುಮಟಾ

ಉತ್ತರ: ಅಲುಗಾಡದೆ ಕೂರುತ್ತವೆ ಎನ್ನುವುದೇ ನನ್ನ ತಕರಾರು. ಪರದೆ ಮಗುವಿನ ಉತ್ತರಕ್ಕೆ ಕಾಯುವುದಿಲ್ಲ. ಎರಡು ವರ್ಷ ತುಂಬುವವರೆಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಆ ಒಂದು ಗಂಟೆ ಮನೆಯಲ್ಲೇ ಮುಗಿದಿರುತ್ತದೆ, ಅಲ್ವಾ? ದಾನಿಗಳ ಮನಸ್ಸನ್ನು ಪುಸ್ತಕದ ಕಡೆ ತಿರುಗಿಸಲು ಆಗುತ್ತದಾ ನೋಡಿ. ಒಂದು ಪ್ರೊಜೆಕ್ಟರಿನ ಬೆಲೆಗೆ ಒಂದು ಕಪಾಟು ತುಂಬ ಚಿತ್ರಪುಸ್ತಕ ಬರುತ್ತದೆ.

ಅದೂ ಆಗದಿದ್ದರೆ, ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಮುಕ್ತ ಪರವಾನಗಿ ಇರುವುದರಿಂದ ಮುದ್ರಿಸಿಕೊಳ್ಳಬಹುದು. ಒಂದನೇ ಹಂತದ, ಅಂದರೆ ತೀರಾ ಸುಲಭದ ಕಥೆ ಆರಿಸಿ, ಬಣ್ಣದಲ್ಲಿ ಪ್ರಿಂಟ್ ತೆಗೆಸಿ, ಲ್ಯಾಮಿನೇಟ್ ಮಾಡಿಸಿ. ಮೊಬೈಲ್ ಹಿಡಿದು ಗುಂಪಿಗೆ ಓದಬೇಡಿ. ಅಷ್ಟು ಸಣ್ಣ ಚಿತ್ರ ಮೂರನೆಯ ಮಗುವಿಗೇ ಕಾಣುವುದಿಲ್ಲ.

ಉಳಿದ ಸಾಮಾನಿಗೆ ದುಡ್ಡು ಬೇಡ. ಎರಡು ಕರಟ ತಟ್ಟಿದರೆ ಕುದುರೆ ಓಡುತ್ತದೆ. ಹಳೆಯ ಸೀರೆಯ ಎರಡು ತುದಿಯನ್ನು ದೊಡ್ಡವರು ಹಿಡಿದು ಏರಿಳಿಸಿದರೆ ಸಮುದ್ರದ ತೆರೆ, ಅದರಡಿ ಮಕ್ಕಳು ಮೀನು. ಬಾಟಲಿಯಲ್ಲಿ ಅಕ್ಕಿ ತುಂಬಿ, ಮುಚ್ಚಳವನ್ನು ಗಮ್ ಹಾಕಿ ಭದ್ರ ಮಾಡಿದರೆ ಗಿಲಕಿ. ಅದಕ್ಕೆ ಗುಲಗಂಜಿ ಮಾತ್ರ ಹಾಕಬೇಡಿ. ನೋಡಲು ಚಂದ, ಆದರೆ ಬೀಜ ವಿಷ. ಇನ್ನು ಹಾಡಿಗೆ ಊರಿನ ಅಜ್ಜಿಯರನ್ನು ಕರೆಯಿರಿ. ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಜಿಲ್ಲೆಯೇ ಹೆಮ್ಮೆಪಟ್ಟಿತು. ತೊಟ್ಟಿಲ ಹಾಡು ಬಲ್ಲ ಅಜ್ಜಿಯರು ಇನ್ನೂ ಕೇರಿ ಕೇರಿಯಲ್ಲಿ ಇದ್ದಾರೆ. ಓದು ಬರದವರಿಗೆ ಗ್ರಂಥಾಲಯದಲ್ಲಿ ಏನು ಕೆಲಸ ಎಂದು ಅವರು ಸಂಕೋಚಪಡುತ್ತಾರೆ. ನೀವೇ ಮನೆಗೆ ಹೋಗಿ ಕರೆತನ್ನಿ.

ಪ್ರಶ್ನೆ: ಮಳೆಗಾಲ ಬಂತೆಂದರೆ ಬರುವ ಮಕ್ಕಳು ಮೂರೋ ನಾಲ್ಕೋ. ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಉಳಿದ ಪುಸ್ತಕವನ್ನು ಮಕ್ಕಳು ಚೀಪುತ್ತವೆ. ಸೆಪ್ಟೆಂಬರ್‌ವರೆಗೆ ಬಂದ್ ಮಾಡಿದರೆ ಹೇಗೆ?
– ಅಂಗನವಾಡಿ ಕಾರ್ಯಕರ್ತೆ, ಅಂಕೋಲಾ

ಉತ್ತರ: ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದಕ್ಕೆ ಹೆದರಿ ಬಂದ್ ಮಾಡಿದರೆ ವರ್ಷದಲ್ಲಿ ನಾಲ್ಕು ತಿಂಗಳು ಹೋಯಿತು. ಮಕ್ಕಳಿಗೆ ಅಭ್ಯಾಸವೂ ತಪ್ಪುತ್ತದೆ. ಜಿಲ್ಲಾಡಳಿತ ಶಾಲೆ, ಅಂಗನವಾಡಿಗೆ ರಜೆ ಕೊಟ್ಟ ದಿನ ನೀವೂ ರಜೆ ಕೊಡಿ. ಉಳಿದ ದಿನ ಮೂವರು ಬಂದರೆ ಮೂವರಿಗೇ ಹೇಳಿ. ನಿಜ ಹೇಳಬೇಕೆಂದರೆ ಅವೇ ಒಳ್ಳೆಯ ದಿನಗಳು. ಪ್ರತಿ ಮಗುವೂ ಪುಟ ತಿರುವಬಹುದು.

ಕಪಾಟನ್ನು ಗೋಡೆಗೆ ಅಂಟಿಸಬೇಡಿ, ಗಾಳಿ ಆಡಲು ನಾಲ್ಕು ಬೆರಳು ಜಾಗ ಬಿಡಿ. ಪುಸ್ತಕ ಒತ್ತೊತ್ತಾಗಿ ತುರುಕಬೇಡಿ. ಒದ್ದೆಯಾದ ರಟ್ಟಿನ ಪುಸ್ತಕವನ್ನು ಒಣ ಬಟ್ಟೆಯಲ್ಲಿ ಒರೆಸಿ, ಪುಟ ಬಿಡಿಸಿ ಫ್ಯಾನಿನ ಕೆಳಗೆ ನಿಲ್ಲಿಸಿ. ಬಿಸಿಲು ಬಂತೆಂದು ಹಪ್ಪಳದಂತೆ ಅಂಗಳದಲ್ಲಿ ಹರಡಿದರೆ ರಟ್ಟು ಸೊಟ್ಟಗಾಗುತ್ತದೆ. ಬೂಷ್ಟು ಜೋರಾಗಿ ಹಿಡಿದ ಪುಸ್ತಕ ಮಕ್ಕಳ ಕೈಗೆ ಬೇಡ. ನುಸಿಗುಳಿಗೆಯನ್ನೂ ಮಕ್ಕಳ ಕಪಾಟಿನಲ್ಲಿ ಇಡಬೇಡಿ. ನೋಡಲು ಪೆಪ್ಪರಮೆಂಟಿನ ಹಾಗಿರುತ್ತದೆ, ಬಾಯಿಗೆ ಹೋದರೆ ಅಪಾಯ.

ಚೀಪುವುದು ಒಂದು ವರ್ಷದ ಮಗು ಪುಸ್ತಕ ನೋಡುವ ರೀತಿಗಳಲ್ಲಿ ಒಂದು. ಗದರಬೇಡಿ, ಅಮ್ಮನಿಗೆ ದಂಡವನ್ನೂ ಹಾಕಬೇಡಿ. ದಂಡ ಹಾಕಿದ ಅಮ್ಮ ಮತ್ತೆ ಬರುವುದಿಲ್ಲ. ಚೀಪುವವರಿಗೆಂದೇ ಒಂದು ಬುಟ್ಟಿಯಲ್ಲಿ ಬಟ್ಟೆಯ ಪುಸ್ತಕ, ದಪ್ಪ ರಟ್ಟಿನ ಪುಸ್ತಕ ಬೇರೆ ಇಡಿ, ಮುಗಿದ ಮೇಲೆ ರಟ್ಟಿನದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಬಟ್ಟೆಯದನ್ನು ಒಗೆಯಿರಿ. ಹರಿದು ಹೋದವುಗಳ ಪಟ್ಟಿ ಬರೆದಿಟ್ಟುಕೊಳ್ಳಿ, ಮುಂದಿನ ಪುಸ್ತಕ ಖರೀದಿಯ ಹೊತ್ತಿಗೆ ಗ್ರಂಥಾಲಯದವರಿಗೆ ಕೊಡಲು ಬೇಕಾಗುತ್ತದೆ.