ಗುಡ್ಡ ಕಡಲಿಗಿಳಿಯುವ ಕರಾವಳಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯ ಬಗ್ಗೆ ಬಂದಿರುವ ಐದು ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಉಡುಪಿ, ಮಂಗಳೂರಿನ ಕಡೆ ಕಡಲಿಗೂ ಘಟ್ಟಕ್ಕೂ ನಡುವೆ ಸಾಕಷ್ಟು ಅಗಲದ ನೆಲವಿದೆ. ಕಾರವಾರ, ಗೋಕರ್ಣದಲ್ಲಿ ಮಾತ್ರ ಗುಡ್ಡಗಳು ನೇರವಾಗಿ ನೀರಿಗೇ ಇಳಿದಿವೆ. ಏಕೆ?
— ಪ್ರೌಢಶಾಲಾ ಶಿಕ್ಷಕಿ, ಧಾರವಾಡ

ಘಟ್ಟದ ಅಂಚು ಮೊದಲಿನಿಂದಲೂ ಈಗಿರುವ ಜಾಗದಲ್ಲೇ ಇತ್ತೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅದು ನಿಧಾನವಾಗಿ ಹಿಂದೆ ಸರಿಯುತ್ತಲೇ ಬಂದಿದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟಿತು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಆ ಕಾಲದ ಲಾವಾರಸ ತಣಿದು ಆದವು. ಹೀಗೆ ಬಿರಿದ ಅಂಚನ್ನು ಮಳೆಯೂ ಹೊಳೆಗಳೂ ಕೊರೆಯುತ್ತಾ ಪೂರ್ವಕ್ಕೆ ತಳ್ಳಿದವು. ತೆಂಕಣದಲ್ಲಿ ಅದು ದೂರ ಸರಿದು, ಹಿಂದೆ ಚಿರೆಕಲ್ಲಿನ (ಕೆಂಪು ಜಂಬಿಟ್ಟಿಗೆಯ) ದಿಣ್ಣೆಗಳ ಅಗಲವಾದ ನೆಲ ಉಳಿಯಿತು. ಉತ್ತರ ಕನ್ನಡದಲ್ಲಿ ಘಟ್ಟದ ಕವಲುಸಾಲುಗಳು ಕಡಲವರೆಗೂ ಚಾಚಿಕೊಂಡೇ ಉಳಿದವು.

ಇದರ ಜೊತೆಗೆ ಇನ್ನೊಂದು ಸಂಗತಿಯನ್ನೂ ಮಕ್ಕಳಿಗೆ ಹೇಳಬಹುದು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ತೀವ್ರವಾಗಿದ್ದಾಗ, ಕಡಲಿನ ಮಟ್ಟ ಇಂದಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಹಿಮ ಕರಗಿ ನೀರು ಏರಿದಾಗ ನದಿಕಣಿವೆಗಳ ಬಾಯಿಗಳು ಮುಳುಗಿ ಅಗಲವಾದ ಅಳಿವೆಗಳಾದವು, ದಡದ ಬಳಿಯ ಗುಡ್ಡಗಳ ನೆತ್ತಿಗಳು ದ್ವೀಪಗಳಾದವು. ಕಾರವಾರದ ಎದುರಿನ ಕೂರ್ಮಗಡ, ದೇವಗಡಗಳನ್ನೂ ಹೊನ್ನಾವರದ ಎದುರಿನ ಬಸವರಾಜದುರ್ಗವನ್ನೂ ನೆನಪಿಸಿಕೊಳ್ಳಿ. ಗೋಕರ್ಣದಲ್ಲಿ ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡ ಹತ್ತಿ ಇಳಿದೇ ಹೋಗಬೇಕಾಗಿರುವುದೂ ಇದೇ ಕಾರಣದಿಂದ: ಚಾಚಿದ ಎರಡು ಬಂಡೆಮೂಗುಗಳ ನಡುವಿನ ಕೊಲ್ಲಿಯಲ್ಲಿ ಮಾತ್ರ ಮರಳು ನಿಲ್ಲುತ್ತದೆ.

ದಾರಿಯೇ ಇಲ್ಲದ ಇಂತಹ ದುರ್ಗಮ ತೀರದಲ್ಲಿ ಹಿಂದೆ ದೊಡ್ಡ ವ್ಯಾಪಾರ ನಡೆಯುತ್ತಿತ್ತೆಂಬುದು ನಂಬುವ ಮಾತೇ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ನೆಲದಿಂದ ನೋಡಿದಾಗ ಮಾತ್ರ ಅದು ದುರ್ಗಮ. ದೋಣಿಯವನಿಗೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯ ಅಳಿವೆಗಳೇ ಹೆದ್ದಾರಿಗಳಾಗಿದ್ದವು. ಘಟ್ಟದಿಂದ ಕೆಳಗಿಳಿದ ಮೆಣಸು ಹೊಳೆಯಲ್ಲಿ ತೇಲಿ ಬಂದರು ಸೇರುತ್ತಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತ ಅಲ್ಲಿ ಹುಡುಗಿಯರಿಗಾಗಿ 13 ಮತ್ತು ಹುಡುಗರಿಗಾಗಿ 23 ಶಾಲೆಗಳನ್ನು ಕಂಡೆನೆಂದು ಬರೆದಿಟ್ಟಿದ್ದಾನೆ. ಬಡ ಬೆಸ್ತರ ಕೇರಿಯೊಂದರ ವರ್ಣನೆ ಹೀಗಿರಲಾರದು. ವಿಜಯನಗರಕ್ಕೆ ಬೇಕಾದ ಅರಬ್ ಕುದುರೆಗಳು ಭಟ್ಕಳದಲ್ಲಿ ಇಳಿಯುತ್ತಿದ್ದವು. 1498ರಲ್ಲಿ ವಾಸ್ಕೋ ಡ ಗಾಮ ಕಾರವಾರದ ಪಕ್ಕದ ಅಂಜದೀವ್ ದ್ವೀಪದಲ್ಲಿ ತಂಗಿದ್ದನು. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವೆಯನ್ನು ಹಿಡಿದಾಗ ಅವನಿಗೆ ನೆರವಾದವನು ಹೊನ್ನಾವರದ ತಿಮ್ಮಯ್ಯ.

ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರನ್ನು ಇಲ್ಲಿ ಬಿಡುವಂತಿಲ್ಲ. 1552ರಿಂದ 1606ರವರೆಗೆ ಆಳಿದ ಆಕೆಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಅಘನಾಶಿನಿಯ ಮಗ್ಗುಲಿನ ಮಿರ್ಜಾನ್ ಕೋಟೆ ಆಕೆಯ ಹೆಸರಿನೊಂದಿಗೆ ಬೆಸೆದುಕೊಂಡಿದೆ; ಆ ಕೋಟೆಯ ಗೋಡೆ, ಕಂದಕ, ಬಾವಿ ಎಲ್ಲವೂ ಸ್ಥಳೀಯ ಚಿರೆಕಲ್ಲಿನದೇ, ಮಳೆಗಾಲದಲ್ಲಿ ಪಾಚಿ ಹಿಡಿದಾಗ ಕೋಟೆಯೇ ಗುಡ್ಡದ ಮುಂದುವರಿಕೆಯಂತೆ ಕಾಣುತ್ತದೆ. ರಾಣಿಯ ಕಾಲ ಮುಗಿದು ಕೇವಲ ಹದಿನೇಳು ವರ್ಷಕ್ಕೆ, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದಾಗ ಆ ನಗರವನ್ನು ಆಗಲೇ ಕಾಡು ಆವರಿಸತೊಡಗಿತ್ತು. ಚತುರ್ಮುಖ ಬಸದಿ ಇಂದಿಗೂ ಕಾಡಿನ ನಡುವೆಯೇ ನಿಂತಿದೆ.

ತಮ್ಮ ಊರಿಗೂ ಇದಕ್ಕೂ ಒಂದು ಕೊಂಡಿಯುಂಟು. 1862ರಲ್ಲಿ ಬ್ರಿಟಿಷರು ಕೆನರಾ ಜಿಲ್ಲೆಯನ್ನು ಸೀಳಿ ಉತ್ತರ ಭಾಗವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ, ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರದಿಂದ ಹಡಗೇರಿಸುವ ಲೆಕ್ಕಾಚಾರವಿತ್ತು. ಆದರೆ ರೈಲು ಮರ್ಮಗೋವಾ ಬಂದರಿನತ್ತ ಹೊರಳಿತು, ಹತ್ತಿಯೂ ಅದರ ಹಿಂದೆಯೇ ಹೋಯಿತು. ಈ ಕರಾವಳಿಯ ಉದ್ದಕ್ಕೂ ರೈಲು ಓಡಲು 1998ರ ತನಕ ಕಾಯಬೇಕಾಯಿತು. ಇಲ್ಲಿನ ಗುಡ್ಡಗಳು ಅಷ್ಟು ಕಾಲ ಗುಡ್ಡಗಳಾಗಿಯೇ ಉಳಿಯಲು ಆ ತಪ್ಪಿದ ರೈಲೂ ಒಂದು ಕಾರಣವೆಂಬುದು ನಮ್ಮ ಗುಮಾನಿ.

ಯಾಣದ ಕಪ್ಪು ಬಂಡೆಗಳು ಜ್ವಾಲಾಮುಖಿಯಿಂದ ಆದವೇ?
— ಓದುಗರು, ಮುಂಬಯಿ

ಅಲ್ಲ. ಅದು ಸುಣ್ಣದ ಕಲ್ಲು. ಮಳೆಯ ನೀರು ಅದನ್ನು ಕರಗಿಸಿ ಕೊರೆದುದರಿಂದ ಆ ಮೊನಚು ರೂಪ ಬಂದಿದೆ. ಭೈರವೇಶ್ವರ ಶಿಖರದ ಎತ್ತರ ಸುಮಾರು 120 ಮೀಟರು, ಮೋಹಿನಿ ಶಿಖರದ್ದು ಸುಮಾರು 90.

ಶಿರೂರಿನ ಗುಡ್ಡ ಕುಸಿದದ್ದು ಮಳೆಯಿಂದಲೋ ರಸ್ತೆಯಿಂದಲೋ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಕುಸಿದ ಗುಡ್ಡವು ರಾಷ್ಟ್ರೀಯ ಹೆದ್ದಾರಿ 66ನ್ನು ದಾಟಿ ಗಂಗಾವಳಿಗೆ ಬಿತ್ತು. ನದಿಯ ನೀರು ಅಲೆಯಾಗಿ ಎದ್ದು ಆಚೆ ದಡದ ಉಳುವರೆಯ ಮನೆಗಳ ಮೇಲೂ ಅಪ್ಪಳಿಸಿತು. ಸಾವು ಎರಡೂ ದಡಗಳಲ್ಲಿ ಆಯಿತು.

ತಾವು ಕೇಳಿದ 'ಇದೋ ಅದೋ' ಎಂಬ ಪ್ರಶ್ನೆಗೆ ನಮ್ಮ ಉತ್ತರ 'ಎರಡೂ', ಆದರೆ ಎರಡರ ಪಾತ್ರವೂ ಒಂದೇ ಬಗೆಯದಲ್ಲ. ಈ ಗುಡ್ಡಗಳ ಮೇಲ್ಪದರ ರಂಧ್ರಗಳಿಂದ ಕೂಡಿದ ಚಿರೆಕಲ್ಲು. ಅದರಡಿಯಲ್ಲಿ ಕೊಳೆತ ಶಿಲೆಯಿಂದಾದ ನುಣುಪಾದ ಶೇಡಿಮಣ್ಣಿದೆ. ಮಳೆನೀರು ಮೇಲಿನ ಪದರವನ್ನು ಸುಲಭವಾಗಿ ದಾಟುತ್ತದೆ. ಶೇಡಿಯ ಮೇಲೆ ಬಂದು ತಡೆದು ನಿಂತು, ಭಾರವನ್ನೂ ಒತ್ತಡವನ್ನೂ ಹೆಚ್ಚಿಸುತ್ತದೆ. ಹಾಗಿದ್ದೂ ಗುಡ್ಡ ನಿಂತಿರುವುದು ತನ್ನ ಬುಡದ ಆಸರೆಯಿಂದ. ರಸ್ತೆಯನ್ನು ಅಗಲ ಮಾಡಲು ಆ ಬುಡವನ್ನೇ ನೆಟ್ಟಗೆ ಕಡಿದಾಗ, ಮೊದಲು ತಡೆದುಕೊಳ್ಳುತ್ತಿದ್ದ ಮಳೆಯನ್ನೇ ಅದು ತಡೆಯಲಾರದಾಗುತ್ತದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹೊಳೆ ಇರುವ ಜಾಗದಲ್ಲಿ ನಾಲ್ಕು ಪಥಕ್ಕೆ ಬೇಕಾದ ಅಗಲವನ್ನು ಗುಡ್ಡದಿಂದಲೇ ಕಿತ್ತುಕೊಳ್ಳಬೇಕು. ಅಂಥ ಕಡೆ ಇಳಿಜಾರನ್ನು ಮೆಟ್ಟಿಲುಮೆಟ್ಟಿಲಾಗಿ ಕತ್ತರಿಸಿ, ಒಳಗಿನ ನೀರು ಹೊರಬರಲು ಕೊಳವೆಗಳನ್ನು ಕೂರಿಸಬೇಕೆಂಬುದು ತಮಗೆ ಪಾಠದಲ್ಲೇ ಇರುವ ವಿಷಯ. 2009ರಲ್ಲಿ ಕಾರವಾರದ ಬಳಿಯ ಕಡವಾಡದಲ್ಲಿ ಗುಡ್ಡ ಕುಸಿದು ಜನ ಸತ್ತಿದ್ದರು; ಮುನ್ಸೂಚನೆ ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ.

ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿದೆಯಂತೆ. ಗಜನಿ (ಅಳಿವೆಯಂಚಿನ ಉಪ್ಪುನೀರಿನ ಗದ್ದೆ) ಬೇಸಾಯ ಮಾಡುವ ನಮಗೆ, ಬೆಳಚು (ಚಿಪ್ಪುಮೀನು) ಹೆಕ್ಕುವವರಿಗೆ ಇದರಿಂದ ಏನು ಸಿಕ್ಕೀತು?
— ಕೃಷಿಕರು, ಕುಮಟಾ ತಾಲ್ಲೂಕು

ಪಟ್ಟಿಗೆ ಸೇರಿದ ಸುದ್ದಿ ನಿಜ. 2024ರಲ್ಲಿ 4,801 ಹೆಕ್ಟೇರ್ ಪ್ರದೇಶ ಅಂತಾರಾಷ್ಟ್ರೀಯ ಮಹತ್ವದ ಜೌಗು ನೆಲವೆಂದು ಸೇರಿತು. ಆದರೆ ಆ ಪ್ರಮಾಣಪತ್ರದಿಂದ ತಾನಾಗಿಯೇ ರಕ್ಷಣೆ ದೊರೆಯುತ್ತದೆಂದು ನಾವು ಹೇಳಲಾರೆವು. 2017ರ ಜೌಗು ಪ್ರದೇಶ ನಿಯಮಗಳು ಕರಾವಳಿ ನಿಯಂತ್ರಣ ವಲಯದೊಳಗಿನ ಜೌಗು ನೆಲಗಳನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಹೀಗಾಗಿ ಅಳಿವೆಯ ಮಟ್ಟಿಗೆ ಕೈಗೆ ಸಿಗುವ ಆಯುಧವೆಂದರೆ ಕರಾವಳಿ ವಲಯದ ಅಧಿಸೂಚನೆಯೇ, ಮತ್ತು ಅದು 1991ರಿಂದ ಈಚೆಗೆ ಪ್ರತಿ ಸಲ ಹೊಸದಾಗಿ ಬಂದಾಗಲೂ ಸಡಿಲವಾಗುತ್ತಲೇ ಹೋಗಿದೆ. ಅಳಿವೆಯ ದಡದ ತದಡಿಯಲ್ಲಿ ಬೃಹತ್ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಅದನ್ನು ಹಿಮ್ಮೆಟ್ಟಿಸಿದ್ದು ಯಾವ ಪಟ್ಟಿಯೂ ಅಲ್ಲ, ದಡದ ಊರುಗಳ ಜನರ ವಿರೋಧ.

ಹಾಗಾದರೆ ಪಟ್ಟಿಯಿಂದ ಪ್ರಯೋಜನವೇ ಇಲ್ಲವೇ? ಇದೆ. ಈ ಅಳಿವೆ ಏಕೆ ಇಷ್ಟು ಸಮೃದ್ಧವೆಂಬುದನ್ನು ಸರ್ಕಾರವೇ ಬರೆದು ಒಪ್ಪಿಕೊಂಡಂತಾಗಿದೆ. ಶಿರಸಿಯ ಶಂಕರಹೊಂಡದಿಂದ ತದಡಿಯವರೆಗೆ ಈ ನದಿಗೆ ಒಂದು ಅಣೆಕಟ್ಟೂ ಇಲ್ಲ. ಶರಾವತಿಯಲ್ಲಿ ಲಿಂಗನಮಕ್ಕಿಯಿಂದ ಬಿಟ್ಟಷ್ಟೇ ನೀರು ಕೆಳಗೆ ಬರುತ್ತದೆ. ಅಲ್ಲಿ ವರ್ಷವಿಡೀ ಸಿಹಿನೀರು ಹರಿದು ಅಳಿವೆಯ ಉಪ್ಪು ತಗ್ಗಿದೆ. ಅಘನಾಶಿನಿಯಲ್ಲಿ ಮಳೆಗಾಲಕ್ಕೆ ಸಿಹಿ, ಬೇಸಿಗೆಗೆ ಉಪ್ಪು ಎಂಬ ಹಳೆಯ ಕ್ರಮ ತಪ್ಪಿಲ್ಲ. ಬೆಳಚು, ಸೀಗಡಿ, ಕಾಂಡ್ಲಗಿಡ (ಮ್ಯಾಂಗ್ರೋವ್), ಸಾಣಿಕಟ್ಟೆಯ ಉಪ್ಪಿನಾಗರ, ತಮ್ಮ ಕಗ್ಗ ಭತ್ತ ಎಲ್ಲವೂ ಈ ಕ್ರಮದ ಮೇಲೆಯೇ ನಿಂತಿವೆ.

ಕಗ್ಗದ ವಿಷಯವನ್ನು ತಮಗೆ ಹೇಳುವುದು ಧಾರ್ಷ್ಟ್ಯವಾದೀತು. ಬೇರೆ ಓದುಗರಿಗಾಗಿ ಒಂದು ಮಾತು. ಎದೆಯೆತ್ತರಕ್ಕೆ ಬೆಳೆಯುವ ಈ ಭತ್ತ ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುತ್ತದೆ, ಗೊಬ್ಬರ ಕೇಳುವುದಿಲ್ಲ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿನಲ್ಲೇ ಬಿಟ್ಟರೆ ಅದು ಕೊಳೆತು ಸೀಗಡಿಗೆ ಮೇವಾಗುತ್ತದೆ. ಆಮೇಲೆ ಮರದ ಹಲಗೆಯ ತೂಬು ತೆರೆದು ಭರತದ ನೀರನ್ನು ಒಳಕ್ಕೆ ಬಿಡುತ್ತಾರೆ, ಇಳಿತದಲ್ಲಿ ತೂಬಿಗೆ ಬಲೆ ಕಟ್ಟುತ್ತಾರೆ. ಒಂದೇ ಗದ್ದೆಯಿಂದ ಅನ್ನವೂ ಸಾರೂ ಬರುತ್ತದೆ. ಮಾಣಿಕಟ್ಟೆಯ ರೈತರು ಇದನ್ನು ಉಳಿಸಿಕೊಂಡ ಬಗೆಯನ್ನು ನೋಡಿದರೆ, ಕಟ್ಟಕಡೆಗೆ ನಿರ್ಣಾಯಕವಾಗುವುದು ಒಡ್ಡು ಎಂಬುದು ಸ್ಪಷ್ಟವಾಗುತ್ತದೆ. ಒಬ್ಬನ ಒಡ್ಡು ಒಡೆದರೆ ಎಲ್ಲರ ಗದ್ದೆಗೂ ಉಪ್ಪುನೀರು ನುಗ್ಗುವುದರಿಂದ ಇದು ಊರೊಟ್ಟಿನ ಕೆಲಸ. ರಾಮ್ಸರ್ ಹೆಸರಿನಲ್ಲಿ ನಿರ್ವಹಣಾ ಯೋಜನೆ ಬಂದಾಗ ತಾವು ಪಟ್ಟು ಹಿಡಿದು ಕೇಳಬೇಕಾದದ್ದು ವೀಕ್ಷಣಾ ಗೋಪುರವನ್ನಲ್ಲ, ಒಡ್ಡು ಮತ್ತು ತೂಬುಗಳ ದುರಸ್ತಿಗೆ ಹಣವನ್ನು. ಬೆಳಚಿನ ವಿಷಯದಲ್ಲಿ ಮರಿಚಿಪ್ಪುಗಳನ್ನು ಹೆಕ್ಕದಿರುವ ಒಪ್ಪಂದ ದಡದ ಊರುಗಳಲ್ಲೇ ಆಗಬೇಕು. ಹೊಳೆಯ ತಳದಿಂದ ಚಿಪ್ಪನ್ನು ಯಂತ್ರದಲ್ಲಿ ಬಗೆಯುವುದಕ್ಕೆ ಮಾತ್ರ ಗ್ರಾಮಸಭೆಯ ಠರಾವಿನ ಮೂಲಕವೇ ತಕರಾರು ಸಲ್ಲಿಸುವುದು ಒಳ್ಳೆಯದು.