ಹಳೆಯ ವಿಡಿಯೋ ಗೇಮ್, ಹೊಸ ಹ್ಯಾಂಡ್‌ಹೆಲ್ಡ್: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ವಿಡಿಯೋ ಗೇಮ್‌ಗಳನ್ನು ಆಡಿಸುವ ಹ್ಯಾಂಡ್‌ಹೆಲ್ಡ್‌ಗಳ (ಕೈಯಲ್ಲಿ ಹಿಡಿದು ಆಡುವ ಸಾಧನಗಳ) ಬಗ್ಗೆ ಒಂದೇ ಬಗೆಯ ಪ್ರಶ್ನೆಗಳು ಪದೇ ಪದೇ ಬರುತ್ತಿವೆ. ಹಳೆಯ ಗೇಮ್ ಯಂತ್ರವನ್ನು ಅನುಕರಿಸಿ ಅದರ ಆಟಗಳನ್ನು ಓಡಿಸುವ ತಂತ್ರಾಂಶವೇ ಎಮ್ಯುಲೇಟರ್ ಎಂಬುದಷ್ಟನ್ನು ಹೇಳಿ ನೇರವಾಗಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಆನ್‌ಬರ್ನಿಕ್ ಕಂಪನಿಯ ಆರ್‌ಜಿ35ಎಕ್ಸ್‌ಎಕ್ಸ್ ಪ್ಲಸ್ ಎಂಬ ಹ್ಯಾಂಡ್‌ಹೆಲ್ಡ್ ಕೊಳ್ಳಬೇಕೆಂದಿದ್ದೇನೆ. ಜೊತೆಗೆ ಕೊಡುವ ಮೆಮೊರಿ ಕಾರ್ಡ್‌ನಲ್ಲಿ ಹತ್ತು ಸಾವಿರ ಆಟಗಳಿವೆ ಎಂದು ಮಾರುವವರು ಹೇಳುತ್ತಾರೆ. ಇದರ ಒಳಿತು ಕೆಡುಕುಗಳೇನು?

ಉತ್ತರ: ಆಟಗಳ ಸಂಖ್ಯೆಗೆ ಮರುಳಾಗಿ ಕೊಳ್ಳುವುದಾದರೆ ಕೊಳ್ಳಲೇಬೇಡಿ. ಒಂದೇ ಆಟದ ಜಪಾನ್, ಅಮೆರಿಕ ಮತ್ತು ಯುರೋಪ್ ಆವೃತ್ತಿಗಳನ್ನೆಲ್ಲ ಬೇರೆ ಬೇರೆಯಾಗಿ ಎಣಿಸಿ ಅಂಥ ಸಂಖ್ಯೆಯನ್ನು ಹಿಗ್ಗಿಸಿರುತ್ತಾರೆ. ಯುರೋಪ್ ಆವೃತ್ತಿಗಳು 50 ಹರ್ಟ್ಸ್ (ಸೆಕೆಂಡಿಗೆ 50 ಬಾರಿ ಚಿತ್ರ ಮೂಡಿಸುವ) ಟಿವಿಗಳಿಗಾಗಿ ಬಂದವು. 60 ಹರ್ಟ್ಸ್‌ಗೆಂದು ರಚಿಸಿದ ಆಟವನ್ನು ಸರಿಹೊಂದಿಸದೆ ಬಿಡುಗಡೆ ಮಾಡಿದ್ದರಿಂದ ಅವುಗಳಲ್ಲಿ ಅನೇಕವು ಸುಮಾರು ಆರನೇ ಒಂದು ಪಾಲಿನಷ್ಟು ನಿಧಾನವಾಗಿ ಓಡುತ್ತವೆ. ಸಾಧನವೇ ನಿಧಾನ ಎಂದು ದೂರುವವರು ಮೊದಲು ತಾವು ಯಾವ ಆವೃತ್ತಿಯನ್ನು ಆಡುತ್ತಿದ್ದೇವೆ ಎಂದು ನೋಡಿಕೊಳ್ಳಲಿ.

ಇದರ ನಿಜವಾದ ಬಲವಿರುವುದು ಪರದೆಯಲ್ಲಿ ಮತ್ತು ಬಟನ್‌ಗಳಲ್ಲಿ. ಮೂರೂವರೆ ಇಂಚಿನ ಪರದೆಯ ಅಳತೆ 640×480 ಪಿಕ್ಸೆಲ್. ಸೋನಿಯ ಮೊದಲ ಪ್ಲೇಸ್ಟೇಷನ್‌ನ ಬಹಳಷ್ಟು ಆಟಗಳ 320×240ರ ಚಿತ್ರ ಇದರಲ್ಲಿ ಸರಿಯಾಗಿ ಎರಡು ಪಟ್ಟಾಗಿ, ಯಾವ ಅಂಚೂ ಕದಡದೆ ಕೂರುತ್ತದೆ. ನಿಂಟೆಂಡೋದ ಹಳೆಯ ಹ್ಯಾಂಡ್‌ಹೆಲ್ಡ್ ಗೇಮ್‌ಬಾಯ್ ಅಡ್ವಾನ್ಸ್‌ಗೆ ಈ ಭಾಗ್ಯವಿಲ್ಲ. ಅದರ 240×160ರ ಚಿತ್ರವನ್ನು ಪರದೆಯ ಅಗಲಕ್ಕೆ ಹಿಗ್ಗಿಸಿದರೆ ಅದು ಪೂರ್ಣ ಸಂಖ್ಯೆಯ ಪಟ್ಟಾಗದೆ, ದೃಶ್ಯ ಚಲಿಸುವಾಗ ಪಿಕ್ಸೆಲ್‌ಗಳು ನಡುಗಿದಂತೆ ಕಾಣುತ್ತವೆ. ಸರಿಯಾಗಿ ಎರಡು ಪಟ್ಟು ಮಾಡಿದರೆ ನಾಲ್ಕೂ ಕಡೆ ಅಗಲವಾದ ಕಪ್ಪು ಅಂಚು ಉಳಿಯುತ್ತದೆ. ನಿಮ್ಮ ಮೆಚ್ಚಿನ ಆಟಗಳೆಲ್ಲ ಅದರವೇ ಆಗಿದ್ದರೆ 720×480 ಪರದೆಯ ಆರ್‌ಜಿ34ಎಕ್ಸ್‌ಎಕ್ಸ್ ಸೂಕ್ತ, ಏಕೆಂದರೆ ಅಲ್ಲಿ ಚಿತ್ರ ಸರಿಯಾಗಿ ಮೂರು ಪಟ್ಟಾಗುತ್ತದೆ. ಫೋನಿನಲ್ಲೇ ಇದೆಲ್ಲ ಆಗುವುದಿಲ್ಲವೇ ಎಂದು ಕೇಳುವವರು ಗಾಜಿನ ಮೇಲೆ ಬೆರಳು ಜಾರಿಸುತ್ತಾ ಜಿಗಿತದ ಆಟವೊಂದನ್ನು ಹತ್ತು ನಿಮಿಷ ಆಡಿ ನೋಡಿದರೆ ಸಾಕು, ಒತ್ತಿದ್ದು ಬೆರಳಿಗೆ ತಿಳಿಯುವ ಬಟನ್‌ನ ಬೆಲೆ ಅರ್ಥವಾಗುತ್ತದೆ.

ಕೊರತೆಗಳನ್ನೂ ಹೇಳಬೇಕು. ಪ್ಲಸ್ ಮಾದರಿಯಲ್ಲಿ ಅನಲಾಗ್ ಸ್ಟಿಕ್ (ಹೆಬ್ಬೆರಳಿನಿಂದ ಎಲ್ಲ ದಿಕ್ಕಿಗೂ ವಾಲಿಸುವ ಪುಟ್ಟ ಕಡ್ಡಿ) ಇಲ್ಲ. 1996ರ ನಿಂಟೆಂಡೋ 64ರ ಆಟಗಳನ್ನು ಸ್ಟಿಕ್ ನಂಬಿಯೇ ರೂಪಿಸಿದ್ದರಿಂದ ಅವನ್ನು ಇದರಲ್ಲಿ ಆಡುವುದು ಹಿಂಸೆ. ಸೋನಿಯ ಹ್ಯಾಂಡ್‌ಹೆಲ್ಡ್ ಪಿಎಸ್‌ಪಿಯ ಅಗಲ ಚಿತ್ರ ಈ ಪರದೆಯ ನಡುವಿನ ಪಟ್ಟಿಯಾಗಿ ಕುಗ್ಗುತ್ತದೆ. ಒಳಗಿರುವ ಆಲ್‌ವಿನ್ನರ್ ಎಚ್700 ಚಿಪ್, ಒಂದು ಜಿಬಿ ರ್‍ಯಾಮ್‌ನೊಂದಿಗೆ, ಭಾರವಾದ ಪಿಎಸ್‌ಪಿ ಆಟಗಳಲ್ಲಿ ತಡವರಿಸುತ್ತದೆ. ವಿದೇಶದಿಂದ ನೇರವಾಗಿ ತರಿಸಿಕೊಂಡರೆ ಸುಂಕದ ಹೊರೆ ಬೇರೆ. ಕೆಟ್ಟರೆ ಲಿಥಿಯಂ ಬ್ಯಾಟರಿ ಇರುವ ವಸ್ತುವನ್ನು ಮರಳಿ ಕಳುಹಿಸುವ ತೊಂದರೆಯೂ ನಿಮ್ಮದೇ.

ಇವೆಲ್ಲಕ್ಕಿಂತ ದೊಡ್ಡ ಕೆಡುಕು ಆ ಉಚಿತ ಕಾರ್ಡ್. ಇಂಥ ಸಾಧನಗಳ ಜೊತೆ ಸಾಮಾನ್ಯವಾಗಿ ಕೊಡುವ ಹೆಸರಿಲ್ಲದ ಅಗ್ಗದ ಕಾರ್ಡ್‌ಗಳನ್ನು ನಾನು ನಂಬುವುದಿಲ್ಲ. ಕಾರ್ಡ್ ಸತ್ತ ದಿನ ಕಾರ್ಯಾಚರಣಾ ವ್ಯವಸ್ಥೆ, ಆಟ, ವಾರಗಟ್ಟಲೆ ಆಡಿ ಮಾಡಿದ ಸೇವ್ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಸಾಧನ ಕೈಸೇರಿದ ದಿನವೇ ಆ ಕಾರ್ಡ್‌ನ ಪೂರ್ತಿ ಪ್ರತಿಯನ್ನು ಕಂಪ್ಯೂಟರ್‌ಗೆ ತೆಗೆದುಕೊಂಡು, ಬಿಲ್ ಕೊಡುವ ಅಂಗಡಿಯಲ್ಲಿ ಒಳ್ಳೆಯ ಕಂಪನಿಯ ಕಾರ್ಡ್ ಕೊಂಡು ಅದಕ್ಕೆ ವರ್ಗಾಯಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೂ ಸರಿ, ಕಾರ್ಡ್‌ನ ನಿಜವಾದ ಸಾಮರ್ಥ್ಯ ತೋರಿಸುವ ಎಚ್‌2ಟೆಸ್ಟ್‌ಡಬ್ಲ್ಯೂ ತಂತ್ರಾಂಶದಿಂದ ಪರೀಕ್ಷಿಸದೆ ಬಳಸಬೇಡಿ. 256 ಜಿಬಿ ಎಂದು ತೋರಿಸಿ ಅದರ ಸಣ್ಣ ಪಾಲನ್ನಷ್ಟೇ ಉಳಿಸಿಕೊಳ್ಳುವ ನಕಲಿ ಕಾರ್ಡ್‌ಗಳು ಮಾರುಕಟ್ಟೆಯಲ್ಲಿವೆ. ಈ ಸಾಧನಕ್ಕೆ ಎರಡು ಕಾರ್ಡ್ ಕಿಂಡಿಗಳಿರುವುದು ಅನುಕೂಲ: ವ್ಯವಸ್ಥೆ ಒಂದರಲ್ಲಿ, ಆಟಗಳು ಇನ್ನೊಂದರಲ್ಲಿ ಇರಲಿ. ಸೇವ್ ಕಡತಗಳನ್ನು ಆಗಾಗ ಕಂಪ್ಯೂಟರ್‌ಗೆ ನಕಲಿಸಿ.

ಪ್ರಶ್ನೆ: ಆಟದೊಳಗೇ ಸೇವ್ ಮಾಡಿದ್ದೆ, ಮರುದಿನ ಇರಲಿಲ್ಲ. ಅಂಗಡಿಯವರು ಬೋರ್ಡ್ ಬದಲಿಸಬೇಕು ಎನ್ನುತ್ತಾರೆ.

ಉತ್ತರ: ಬೋರ್ಡ್‌ಗೆ ಕೈ ಹಾಕಲು ಬಿಡಬೇಡಿ. ಅನೇಕ ಎಮ್ಯುಲೇಟರ್‌ಗಳನ್ನು ಒಂದೇ ಕಡೆ ನಡೆಸುವ ರೆಟ್ರೋಆರ್ಚ್‌ನಂಥ ತಂತ್ರಾಂಶದಲ್ಲಿ ಆಟದೊಳಗಿನ ಸೇವ್ ಎಷ್ಟೋ ಬಾರಿ ಮೆನುವಿನ ಮೂಲಕ ಆಟದಿಂದ ಹೊರಬಂದಾಗಲೇ ಕಾರ್ಡ್‌ಗೆ ಬರೆಯಲ್ಪಡುತ್ತದೆ. ಅದಕ್ಕೂ ಮೊದಲು ವಿದ್ಯುತ್ ಕಡಿದರೆ ಬರೆದಿರುವುದೇ ಇಲ್ಲ. ಆಟವನ್ನು ಆ ಕ್ಷಣದಲ್ಲಿ ಇದ್ದಂತೆಯೇ ಎಮ್ಯುಲೇಟರ್ ಉಳಿಸಿಡುವ ಸೇವ್ ಸ್ಟೇಟ್ ಒಂದನ್ನೇ ನಂಬುವುದೂ ತಪ್ಪು, ಎಮ್ಯುಲೇಟರ್‌ನ ಆವೃತ್ತಿ ಬದಲಾದರೆ ಹಳೆಯ ಸ್ಟೇಟ್ ತೆರೆಯದೆ ಹೋಗಬಹುದು. ಎರಡನ್ನೂ ಬಳಸಿ.

ಪ್ರಶ್ನೆ: ಇಪ್ಪತ್ತು ವರ್ಷ ದಾಟಿದ ಆಟಗಳಿಗೆ ಹಕ್ಕುಸ್ವಾಮ್ಯ ಇರುವುದಿಲ್ಲವಂತೆ, ನಿಜವೇ?

ಉತ್ತರ: ಶುದ್ಧ ಸುಳ್ಳು. ಭಾರತದ 1957ರ ಕಾಯ್ದೆಯಲ್ಲಿ ಅವಧಿ ದಶಕಗಳಷ್ಟು ಉದ್ದ. ನ್ಯಾಯವಾಗಿ ಪಡೆದ ತಂತ್ರಾಂಶಕ್ಕೆ ಸುರಕ್ಷತೆಗಾಗಿ ಪ್ರತಿ ಮಾಡಿಟ್ಟುಕೊಳ್ಳಲು ಅದರ 52ನೇ ಕಲಂ ಅವಕಾಶ ಕೊಡುತ್ತದೆ. ಅಪರಿಚಿತರು ತುಂಬಿಸಿಕೊಟ್ಟ ಸಾವಿರಾರು ಆಟಗಳಿಗೆ ಆ ರಕ್ಷಣೆ ಇಲ್ಲ. ಎಮ್ಯುಲೇಟರ್ ಬೇರೆ ವಿಷಯ: ಸೋನಿ ಮತ್ತು ಕನೆಕ್ಟಿಕ್ಸ್ ನಡುವಿನ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2000ರಲ್ಲಿ ಎಮ್ಯುಲೇಟರ್ ತಯಾರಕರ ಪರವಾಗಿ ತೀರ್ಪು ನೀಡಿತು.

ಪ್ರಶ್ನೆ: ಇದರಲ್ಲಿ ಪ್ಲೇಸ್ಟೇಷನ್ 2ರ ಆಟ ಓಡುತ್ತದೆಯೇ?

ಉತ್ತರ: ಇಲ್ಲ. ಓಡುತ್ತದೆ ಎಂದವರ ಬಳಿ ಏನನ್ನೂ ಕೊಳ್ಳಬೇಡಿ.

ಪ್ರಶ್ನೆ: ಲ್ಯಾಪ್‌ಟಾಪ್‌ನ ಟೈಪ್-ಸಿ ಚಾರ್ಜರ್ ಹಾಕಬಹುದೇ?

ಉತ್ತರ: ಬೇಡ. ಅಗ್ಗದ ಹ್ಯಾಂಡ್‌ಹೆಲ್ಡ್‌ಗಳಲ್ಲಿ ಅನೇಕವು ಎರಡೂ ತುದಿ ಟೈಪ್-ಸಿ ಇರುವ ಕೇಬಲ್‌ನಿಂದ ಚಾರ್ಜ್ ಆಗುವುದೇ ಇಲ್ಲ. ಐದು ವೋಲ್ಟ್‌ನ ಸಾಮಾನ್ಯ ಚಾರ್ಜರ್ ಮತ್ತು ಒಂದು ತುದಿಯಲ್ಲಿ ಹಳೆಯ ಅಗಲ ಯುಎಸ್‌ಬಿ (ಟೈಪ್-ಎ) ಇರುವ ಕೇಬಲ್ ಬಳಸಿ; ಹಿಂಬದಿ ಉಬ್ಬಿದ್ದು ಕಂಡರೆ ಚಾರ್ಜ್ ಮಾಡುವುದನ್ನು ಅಂದೇ ನಿಲ್ಲಿಸಿ, ಬ್ಯಾಟರಿ ಬದಲಿಸಿ.