ಕಾರ್ಲೋಸ್ ಆಲ್ಬರ್ಟೊ ಪರೇರಾ ನಿಜಕ್ಕೂ ದೊಡ್ಡ ತರಬೇತುದಾರರೇ?

ಆರು ಫುಟ್‌ಬಾಲ್ ವಿಶ್ವಕಪ್‌ಗಳಲ್ಲಿ ಐದು ದೇಶಗಳ ತಂಡಗಳನ್ನು ಆಡಿಸಿದ ಬ್ರೆಜಿಲ್‌ನ ಪರೇರಾ ಅವರು ತಮ್ಮ ಬ್ರೆಜಿಲ್ ಬಿಟ್ಟರೆ ಬೇರೆಲ್ಲಿ ಏನು ಸಾಧಿಸಿದರು, ಹಣಕ್ಕಾಗಿ ದೇಶದಿಂದ ದೇಶಕ್ಕೆ ಅಲೆದರಷ್ಟೇ ಅಲ್ಲವೇ ಎಂದು ನೀವು ಕೇಳಿದ್ದೀರಿ. ವಿಶ್ವಕಪ್ಪಿನ ಲೆಕ್ಕವನ್ನಷ್ಟೇ ಹಿಡಿದರೆ ನಿಮ್ಮ ಅನುಮಾನಕ್ಕೆ ಆಧಾರವಿದೆ. ಕುವೈತ್, ಯುಎಇ, ಸೌದಿ ಅರೇಬಿಯಾ ಮತ್ತು ದಕ್ಷಿಣ ಆಫ್ರಿಕಾ ತಂಡಗಳೊಂದಿಗೆ ಅವರಿಗೆ ಸಿಕ್ಕ 11 ಪಂದ್ಯಗಳಲ್ಲಿ ಗೆಲುವು ಒಂದೇ. ಬ್ರೆಜಿಲ್ ಜೊತೆಗಿನ 12 ಪಂದ್ಯಗಳಲ್ಲಿ ಸೋಲು ಒಂದೇ. ಆದರೂ ನಾನು ಅವರನ್ನು ದೊಡ್ಡ ತರಬೇತುದಾರರೆಂದೇ ಎಣಿಸುತ್ತೇನೆ. ಕೈಗೆ ಸಿಕ್ಕ ತಂಡದ ಮಿತಿಯನ್ನು ಅರಿತು, ಮೊದಲು ಅದು ಸುಲಭವಾಗಿ ಸೋಲದಂತೆ ಕಟ್ಟುವುದೇ ಅವರ ವಿದ್ಯೆಯಾಗಿತ್ತು.

1943ರಲ್ಲಿ ರಿಯೊ ಡಿ ಜನೈರೊದಲ್ಲಿ ಹುಟ್ಟಿದ ಪರೇರಾ ವೃತ್ತಿಪರ ಆಟಗಾರರಾಗಿರಲಿಲ್ಲ. ದೈಹಿಕ ಶಿಕ್ಷಣ ಕಲಿತು, ಇನ್ನೂ ಇಪ್ಪತ್ತರ ಹರೆಯದಲ್ಲೇ ಘಾನಾ ತಂಡಕ್ಕೆ ತರಬೇತಿ ನೀಡಿ, 1970ರಲ್ಲಿ ಝಗಾಲೊ ತರಬೇತಿಯ ಬ್ರೆಜಿಲ್ ತಂಡದ ದೈಹಿಕ ಸಿದ್ಧತೆಯ ವಿಭಾಗದಲ್ಲಿ ಕೆಲಸ ಮಾಡಿದವರು. ಕುವೈತ್ 1980ರಲ್ಲಿ ದಕ್ಷಿಣ ಕೊರಿಯಾವನ್ನು 3-0 ಗೋಲುಗಳಿಂದ ಸೋಲಿಸಿ ಏಷ್ಯನ್ ಕಪ್ ಗೆದ್ದದ್ದು, 1982ರಲ್ಲಿ ಮೊದಲ ಬಾರಿಗೆ ವಿಶ್ವಕಪ್ ಆಡಿದ್ದು ಅವರ ಕೈಕೆಳಗೆ. ಆ ವಿಶ್ವಕಪ್ಪಿನಲ್ಲಿ ಫ್ರಾನ್ಸ್ ವಿರುದ್ಧ ಆಡುವಾಗ, ಪ್ರೇಕ್ಷಕರ ನಡುವಿನಿಂದ ಬಂದ ಸೀಟಿಯನ್ನು ರೆಫರಿಯದೆಂದು ತಿಳಿದು ಕುವೈತ್ ಆಟಗಾರರು ನಿಂತುಬಿಟ್ಟರು, ಫ್ರಾನ್ಸ್‌ನ ಜಿರೆಸ್ ಗೋಲು ಹೊಡೆದರು, ಕುವೈತ್ ಫುಟ್‌ಬಾಲ್ ಸಂಸ್ಥೆಯ ಮುಖ್ಯಸ್ಥ ಶೇಖ್ ಫಹದ್ ಮೈದಾನಕ್ಕಿಳಿದು ತಕರಾರು ಎತ್ತಿದ ಮೇಲೆ ರೆಫರಿ ಆ ಗೋಲನ್ನೇ ರದ್ದು ಮಾಡಿದರು. ಜನರಿಗೆ ಇಂದಿಗೂ ನೆನಪಿರುವುದು ಈ ಪ್ರಹಸನವೇ. ಅದೇ ತಂಡ ಚೆಕೊಸ್ಲೊವಾಕಿಯಾದಂಥ ತಂಡದೊಂದಿಗೆ 1-1 ಡ್ರಾ ಮಾಡಿಕೊಂಡಿತ್ತೆಂಬುದಲ್ಲ. 1988ರಲ್ಲಿ ಸೌದಿ ಅರೇಬಿಯಾಕ್ಕೂ ಅವರು ಏಷ್ಯನ್ ಕಪ್ ಗೆಲ್ಲಿಸಿಕೊಟ್ಟರು.

ಬ್ರೆಜಿಲ್ ಎಂದರೆ ಗೆಲುವು ತಾನಾಗಿ ಬರುತ್ತದೆ ಎಂಬ ಭಾವನೆಯಿದ್ದರೆ 1993ರ ಅರ್ಹತಾ ಸುತ್ತನ್ನು ನೋಡಬೇಕು. ಲಾ ಪಾಜ್‌ನಲ್ಲಿ ಬೊಲಿವಿಯಾ ವಿರುದ್ಧ 0-2ರಿಂದ ಸೋತದ್ದು ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಬ್ರೆಜಿಲ್ ಕಂಡ ಮೊದಲ ಸೋಲು. ತಂಡದಿಂದ ದೂರವಿಟ್ಟಿದ್ದ ಮುಂಚೂಣಿ ಆಟಗಾರ ರೊಮಾರಿಯೊ ಅವರನ್ನು ಪರೇರಾ ಕೊನೆಗೆ ಉರುಗ್ವೆ ವಿರುದ್ಧದ ನಿರ್ಣಾಯಕ ಪಂದ್ಯಕ್ಕೆ ಕರೆಸಿದರು. ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಎರಡೂ ಗೋಲುಗಳನ್ನು ರೊಮಾರಿಯೊ ಅವರೇ ಹೊಡೆದರು. ಅಮೆರಿಕದಲ್ಲಿ 1994ರ ವಿಶ್ವಕಪ್ ನಡೆದಾಗ ಡುಂಗಾ ಮತ್ತು ಮೌರೊ ಸಿಲ್ವಾರಂಥ ಇಬ್ಬರು ರಕ್ಷಣಾತ್ಮಕ ಮಿಡ್‌ಫೀಲ್ಡರುಗಳನ್ನು ಜೊತೆಗೆ ಆಡಿಸಿದ್ದಕ್ಕೆ, ಇದು ಬ್ರೆಜಿಲ್‌ನ ಆಟವೇ ಅಲ್ಲವೆಂದು ತವರಿನಲ್ಲಿ ಬೈಗುಳ ತಿಂದರು. ನಾಯಕ ರಾಯಿ ಮಂಕಾದಾಗ ಅವರನ್ನು ಹೊರಗಿಟ್ಟು ಮಝೀನ್ಯೊ ಅವರನ್ನು ಇಳಿಸಲು ಹಿಂಜರಿಯಲಿಲ್ಲ. ಆತಿಥೇಯರ ವಿರುದ್ಧ ಲಿಯೊನಾರ್ಡೊ ಕೆಂಪು ಕಾರ್ಡ್ ಪಡೆದು ತಂಡ ಹತ್ತೇ ಜನಕ್ಕೆ ಇಳಿದರೂ ಬೆಬೆಟೊ ಗೋಲಿನಿಂದ ಗೆದ್ದಿತು. ಲಿಯೊನಾರ್ಡೊ ಜಾಗಕ್ಕೆ ಬಂದ ಬ್ರಾಂಕೊ ಅವರ ಫ್ರೀ ಕಿಕ್ ನೆದರ್ಲೆಂಡ್ಸ್ ವಿರುದ್ಧದ ಕ್ವಾರ್ಟರ್‌ಫೈನಲನ್ನು 3-2ರಿಂದ ಗೆಲ್ಲಿಸಿತು. ಏಳು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಮೂರೇ ಗೋಲು. ಇಟಲಿ ವಿರುದ್ಧದ ಫೈನಲ್ ಸಪ್ಪೆಯಾಗಿತ್ತು, ಅದನ್ನು ಒಪ್ಪಬೇಕು. ಆದರೆ 24 ವರ್ಷಗಳ ಬಳಿಕ ಕಪ್ ಬಂದದ್ದು ಆ ಸಪ್ಪೆ ಶಿಸ್ತಿನಿಂದಲೇ.

ನನ್ನ ಮಟ್ಟಿಗೆ ಅವರ ನಿಜವಾದ ವೈಫಲ್ಯ ಬ್ರೆಜಿಲ್ ಜೊತೆಗಿನ 2006ರ ವಿಶ್ವಕಪ್. ರೊನಾಲ್ಡೊ, ಅಡ್ರಿಯಾನೊ, ಕಾಕಾ, ರೊನಾಲ್ಡಿನ್ಯೊ ನಾಲ್ವರನ್ನೂ ಒಟ್ಟಿಗೆ ಆಡಿಸುವ ಆಸೆಗೆ ಬಿದ್ದು ತಮ್ಮದೇ ಸಮತೋಲನವನ್ನು ಕಳೆದುಕೊಂಡರು, ಫ್ರಾನ್ಸ್ ಎದುರು ಸೋತ ಪಂದ್ಯದಲ್ಲಿ ಆಟಗಾರರ ಜೋಡಣೆ ಬದಲಿಸುವಷ್ಟರಲ್ಲಿ ತಡವಾಗಿತ್ತು.

ಇನ್ನು ಅಲೆದಾಟದ ಮಾತು. ಸ್ಪೇನ್‌ನ ವೆಲೆನ್ಸಿಯಾ ಕ್ಲಬ್‌ನಲ್ಲಿ ಒಂದು ಋತುವೂ ಪೂರ್ತಿಯಾಗಲಿಲ್ಲ, ಫೆನರ್‌ಬಾಚೆ ಕ್ಲಬ್‌ಗೆ 1996ರಲ್ಲಿ ಟರ್ಕಿಯ ಲೀಗ್ ಗೆಲ್ಲಿಸಿದರು, ಆಮೇಲೆ ನ್ಯೂಯಾರ್ಕ್‌ನ ಕ್ಲಬ್. 1998ರ ವಿಶ್ವಕಪ್ಪಿನಲ್ಲಿ ಎರಡು ಪಂದ್ಯ ಸೋತ ಕೂಡಲೇ ಸೌದಿಯವರು ಅವರನ್ನು ಟೂರ್ನಿಯ ನಡುವೆಯೇ ವಜಾ ಮಾಡಿದರು. ಹಣದ ಆಕರ್ಷಣೆ ಇರಲಿಲ್ಲವೆಂದು ನಾನು ಹೇಳುವುದಿಲ್ಲ, ಕೊಲ್ಲಿಗೆ ದುಡಿಯಲು ಹೋಗುವುದರಲ್ಲಿ ತಪ್ಪೂ ಇಲ್ಲ. ಆದರೆ 1984ರಲ್ಲಿ ತಾವೇ ರಾಷ್ಟ್ರೀಯ ಚಾಂಪಿಯನ್ ಮಾಡಿದ್ದ ರಿಯೊದ ಫ್ಲುಮಿನೆನ್ಸ್ ಕ್ಲಬ್ ಮೂರನೇ ದರ್ಜೆಗೆ ಕುಸಿದಾಗ, ವಿಶ್ವಕಪ್ ಗೆದ್ದ ಈ ತರಬೇತುದಾರರು 1999ರಲ್ಲಿ ಅದರ ಹೊಣೆ ಹೊತ್ತು, ಆ ದರ್ಜೆಯ ಪ್ರಶಸ್ತಿ ಗೆಲ್ಲಿಸಿಕೊಟ್ಟರು. ಕೇವಲ ಹಣದ ಬೆನ್ನು ಹತ್ತಿದವರು ಒಪ್ಪಿಕೊಳ್ಳುವ ಕೆಲಸ ಅದಲ್ಲ.